ಆ ದಿನ ಮೇಲೆದ್ದ ಕೈ

ಇವತ್ತು ಮಾಡಿದ ಕೆಲಸಗಳು ಇಷ್ಟು: ಐದೂವರೆಗೆ ಎದ್ದು, ನಲ್ಲಿ ನಿಲ್ಲುವುದರೊಳಗೆ ಎರಡು ಡ್ರಮ್ಮು ನೀರು ತುಂಬಿದೆ, ರಾತ್ರಿ ನೆನೆಹಾಕಿದ್ದ ಮಡಕಿಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆಗಿಟ್ಟೆ, ಗ್ಯಾಸಿನವನಿಗೆ ಫೋನು ಮಾಡಿ ನಾಳೆ ಬಾ ಎಂದೆ, ಮನೆಯವರ ಬೆನ್ನುಜ್ಜಿ, ತಲೆ ಬಾಚಿ, ಅಂಗಿ ತೊಡಿಸಿದೆ. ಅಂಗಿ ತೊಡಿಸುವುದಕ್ಕೂ ಒಂದು ಕ್ರಮವಿದೆ ನೋಡಿ: ನೋಯುವ ಬಲಗೈಯನ್ನು ಮೊದಲು ತೋಳಿನೊಳಗೆ ತೂರಿಸಬೇಕು, ಆಮೇಲೆ ಬಟ್ಟೆಯನ್ನು ಬೆನ್ನ ಹಿಂದಿನಿಂದ ಸುತ್ತಿ ತಂದು ಎಡಗೈಗೆ ಕೊಡಬೇಕು, ಬಿಚ್ಚುವಾಗ ಎಲ್ಲ ತಿರುವುಮುರುವು. ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ಅವರ ಮುಖ ಕಿವಿಚಿಕೊಳ್ಳುವುದನ್ನು ನೋಡಿ ನೋಡಿ ಕಲಿತೆ.

ನಾವು ಬೆಳಗಾವಿ ಕಡೆಯವರು. ಮನೆಯವರು ಇಪ್ಪತ್ತನಾಲ್ಕು ವರ್ಷ ಸೈನ್ಯದಲ್ಲಿದ್ದು, ಮೂರು ವರ್ಷದ ಹಿಂದೆ ಹವಾಲ್ದಾರರಾಗಿ ನಿವೃತ್ತರಾದರು. ಮಗಳ ಕಾಲೇಜಿನ ಸಲುವಾಗಿ ಪುಣೆಯ ಧನಕವಡಿಯಲ್ಲಿ ಮನೆ ಹಿಡಿದೆವು. ಈ ಅಡುಗೆಮನೆಯ ಮೇಲಿನ ಹಲಗೆಗಳಲ್ಲಿ ಒಂದು ಡಬ್ಬಿಯೂ ಇಲ್ಲ, ಎಲ್ಲವೂ ಸೊಂಟದ ಮಟ್ಟಕ್ಕೆ ಇಳಿದಿವೆ. ಹಿಮದ ಚೌಕಿಯೊಂದಕ್ಕೆ ಸಾಮಾನು ಹೊತ್ತು ಏರುವಾಗ ಜಾರಿ ಬಲಭುಜದ ಮೇಲೆ ಬಿದ್ದವರಿಗೆ ಮೇಲಿನ ಹಲಗೆಯೆಂಬುದು ಇನ್ನೊಂದು ಶಿಖರವೇ ಸರಿ. ಅವರು ಬಿದ್ದದ್ದು ದಾಖಲೆಯಲ್ಲಿದೆ, ಅದರ ಬಗ್ಗೆ ಯಾರದೂ ತಕರಾರಿಲ್ಲ. ತಕರಾರಿರುವುದು ಭುಜ ಎಷ್ಟು ಕೆಟ್ಟಿದೆ ಎಂಬುದರಲ್ಲಿ. ಸೈನ್ಯದಿಂದ ಬಿಡುಗಡೆಗೆ ಮುಂಚಿನ ವೈದ್ಯಕೀಯ ತಪಾಸಣೆಯಲ್ಲಿ ಕೈ ಹೆಚ್ಚುಕಡಿಮೆ ಕಿವಿಯ ತನಕ ಎದ್ದಿತೆಂದೂ, ಆದ್ದರಿಂದ ಊನ ಅಲ್ಪವೆಂದೂ, ಅಂಗವೈಕಲ್ಯ ಪಿಂಚಣಿಗೆ ಬೇಕಾದ ಮಟ್ಟಕ್ಕೆ ಅದು ಮುಟ್ಟುವುದಿಲ್ಲವೆಂದೂ ಬರೆದರು. ಮೊದಲನೆಯ ಮೇಲ್ಮನವಿಯೂ ಅದೇ ಸಾಲನ್ನು ಹಿಡಿದು ವಾಪಸಾಯಿತು. ಎರಡನೆಯದರ ತಪಾಸಣೆ ಇವತ್ತಿತ್ತು.

ಈ ಮೂರು ವರ್ಷದಲ್ಲಿ ನಮ್ಮ ಅರ್ಜಿಗಳನ್ನೆಲ್ಲ ಬರೆದುಕೊಟ್ಟವರು ಪಾಟೀಲರು, ಮನೆಯವರ ಜೊತೆಗೇ ಭರ್ತಿಯಾದವರು. ಕಳೆದ ವಾರ ಚಹಾ ಕುಡಿಯುತ್ತ ಅವರೆಂದರು: "ಏನ್ರಿ ವೈನಿ, ಬಿಡುಗಡಿ ತಪಾಸಣಿ ದಿನ ಎಣ್ಣಿ ಹಚ್ಚಿ, ಶಾಖಾ ಕೊಟ್ಟು, ಭುಜಾನ ಮದಿಮಗನಂಗ ಸಿಂಗಾರ ಮಾಡಿ ಕಳಿಸಿದ್ರಿ. ಇಂವಾ ಕೈ ಎತ್ತಿದ್ದು ನೋಡಿ, ಸಾಸವಡಕ್ಕ ದೇವರ ಪಾಲಕಿ ಹೊರಾಕ ಹೊಂಟಾನ ಅಂತ ತಿಳಿದಿರಬೇಕು ಡಾಕ್ಟರು!"

"ಸಲಾಮ್ ಹೊಡದ ಕೈಯಪಾ ಅದು," ಎಂದರು ನಮ್ಮವರು. "ಎತ್ತು ಅಂದ್ರ ಎತ್ತತದ. ನಿನ್ನಂಗ ಗುಳಿಗಿ ಸಿಪಾಯಿ ಅಲ್ಲ ನಾ."

ಪಾಟೀಲರು ನಕ್ಕರು. ನಾನೂ ನಕ್ಕು, ಲೋಟಗಳನ್ನೆತ್ತಿಕೊಂಡು ಒಳಗೆ ಹೋದೆ.

ಒಳಗೆ ಹೋದದ್ದೇಕೆಂದು ನಿಮಗೆ ಹೇಳಿಬಿಡುತ್ತೇನೆ. ನೋವಿನ ಗುಳಿಗೆ ನುಂಗುವವರನ್ನು ಕಂಡರೆ ಇವರಿಗೆ ಮೊದಲಿನಿಂದ ತಾತ್ಸಾರ. ಆಸ್ಪತ್ರೆಯವರು ಕೊಟ್ಟ ಗುಳಿಗೆಗಳು ಪೊಟ್ಟಣ ಒಡೆಯದೆ ಟ್ರಂಕಿನಲ್ಲಿ ಬಿದ್ದಿರುತ್ತಿದ್ದವು. ಬಿಡುಗಡೆಯ ತಪಾಸಣೆಯ ದಿನ ಬೆಳಿಗ್ಗೆ, ನಾವಿನ್ನೂ ಪಲಟನ್ನಿನ ಕ್ವಾರ್ಟರ್ಸಿನಲ್ಲಿದ್ದಾಗ, ಅವುಗಳಲ್ಲಿ ಎರಡನ್ನು ತೆಗೆದು ಅರೆದು ಅವರ ತಟ್ಟೆಯ ಶೇಂಗಾ ಚಟ್ನಿಪುಡಿಯಲ್ಲಿ ಕಲಸಿ, ಮೇಲೆ ಗಟ್ಟಿ ಮೊಸರು ಹಾಕಿಕೊಟ್ಟೆ. ಚಟ್ನಿ ಯಾಕೋ ಕಹಿ ಆಗೇದಲ್ಲ ಎಂದರು. ಶೇಂಗಾ ಸೀದಿತ್ತು ಎಂದೆ. ಇಷ್ಟು ವರ್ಷ ಎದೆಯುಬ್ಬಿಸಿ ನಿಂತ ಮನುಷ್ಯ ನೌಕರಿಯ ಕಡೆಯ ದಿನಗಳಲ್ಲಿ ಅಧಿಕಾರಿಗಳ ಮುಂದೆ ನರಳಬಾರದು ಎಂಬುದೊಂದೇ ನನ್ನ ತಲೆಯಲ್ಲಿತ್ತು. ಮಧ್ಯಾಹ್ನ ಮರಳಿ ಬಂದವರು, ಡಾಕ್ಟರ್ ಸಾಹೇಬರು ಶಭಾಶ್ ಅಂದ್ರು ಎಂದು ಹುಡುಗನ ಹಾಗೆ ಹೇಳಿಕೊಂಡರು. ನಾನು ಬೀಗಿದೆ.

ಮನೆವಾರ್ತೆಯ ಹೆಂಗಸರ ಬುದ್ಧಿಯೇ ಹೀಗೆ. ಯಾರಾದರೂ ಬರುತ್ತಾರೆಂದರೆ ಹರಿದ ಚಾದರವನ್ನು ಮಡಿಸಿ ಒಳಗಿಡುತ್ತೇವೆ, ಕಲೆ ಬಿದ್ದ ಮಗ್ಗುಲನ್ನು ಗೋಡೆಗೆ ತಿರುಗಿಸುತ್ತೇವೆ, ಇದ್ದುದರಲ್ಲಿ ಚೆಂದದ್ದನ್ನು ಮುಂದಿಡುತ್ತೇವೆ. ಹರಿದದ್ದನ್ನು ಹರಿದ ಹಾಗೆಯೇ ಬಿಡಿಸಿ ತೋರಿಸಬೇಕಾದ ಜಾಗವೂ ಲೋಕದಲ್ಲಿ ಒಂದಿದೆಯೆಂದು ನನಗಾಗ ತಿಳಿಯಲಿಲ್ಲ. ಅರ್ಜಿ ತಿರಸ್ಕಾರವಾಗಿ ಬಂದಾಗಲಾದರೂ ಬಾಯಿ ಬಿಡಬಹುದಿತ್ತು. ಆದರೆ ಅಷ್ಟರಲ್ಲಿ ಆ ದಿನ ಕೈ ಮೇಲೆದ್ದದ್ದು ಅವರ ಪಾಲಿಗೆ ಒಂದು ಪದಕವಾಗಿತ್ತು, ಬಂದವರಿಗೆಲ್ಲ ಹೇಳುತ್ತಿದ್ದರು. ಅದನ್ನು ನಾನು ಹೇಗೆ ಕಿತ್ತುಕೊಳ್ಳಲಿ, ನೀವೇ ಹೇಳಿ.

ಇವತ್ತು ತಪಾಸಣೆಯ ಕೋಣೆಯಲ್ಲಿ ಮೂವರು ವೈದ್ಯರಿದ್ದರು. ಅಂಗಿ ಬಿಚ್ಚಲಾಗದೆ ನಮ್ಮವರು ತಡವರಿಸಿದ್ದರಿಂದ, ಹೊರಗೆ ಬೆಂಚಿನ ಮೇಲಿದ್ದ ನನ್ನನ್ನು ಒಳಗೆ ಕರೆದರು. ಕಿರಿಯ ವೈದ್ಯೆ, ಎರಡು ಕಡ್ಡಿ ಜೋಡಿಸಿದಂಥ ಅಳತೆಯ ಸಾಧನವನ್ನು ಭುಜಕ್ಕೆ ಹಿಡಿದು, ಎಷ್ಟಾಗುತ್ತದೋ ಅಷ್ಟೇ ಎತ್ತಿ ಎಂದು ಹಿಂದಿಯಲ್ಲಿ ಹೇಳಿದಳು. ಕೈ ಭುಜದ ಮಟ್ಟಕ್ಕೂ ಬರಲಿಲ್ಲ. ದವಡೆ ಬಿಗಿಯಿತು, ಹಣೆ ಬೆವರಿತು, ಅಷ್ಟೇ. ನೋವನ್ನು ಕೋನದಲ್ಲಿ ಅಳೆಯುವುದನ್ನು ನಾನು ಕಂಡದ್ದು ಅದೇ ಮೊದಲು. ಕಡ್ಡಿ ನಿಂತಲ್ಲಿ ಅಳತೆ ನಿಂತಿತು, ನೋವು ನಿಲ್ಲಲಿಲ್ಲ.

ಆಗ ಹಿರಿಯ ವೈದ್ಯರು ಹಳೆಯ ಕಾಗದ ತಿರುವಿದರು. ಬಿಡುಗಡೆಯ ಹೊತ್ತಿಗೆ ಇದು ಕಿವಿಯವರೆಗೆ ಹೋಗಿದೆ, ನಾವು ತೀರ್ಮಾನಿಸಬೇಕಾದದ್ದು ಆ ದಿನದ ಕೈಯನ್ನು, ಮನೆಗೆ ಹೋದ ಮೇಲೆ ಹೆಚ್ಚಾಗಿದ್ದರೆ ಅದನ್ನು ನೌಕರಿಯ ಲೆಕ್ಕಕ್ಕೆ ಹಿಡಿಯಲಾಗದು ಎಂದರು.

"ಹೌದು ಸಾಬ್, ಆವತ್ತು ಎತ್ತಿದ್ದೆ," ಎಂದರು ನಮ್ಮವರು ನೆಟ್ಟಗೆ ನಿಂತು. ತನ್ನ ಅರ್ಜಿಯನ್ನು ತಾನೇ ಮುಳುಗಿಸುತ್ತಿದ್ದೇನೆಂಬ ಅರಿವು ಆ ದನಿಯಲ್ಲಿರಲಿಲ್ಲ, ಹೆಮ್ಮೆಯಿತ್ತು.

ನಾನು ನನ್ನ ಮುರುಕು ಹಿಂದಿಯಲ್ಲಿ ಹೇಳಿದೆ. ಎರಡು ಗುಳಿಗೆ, ಅರೆದದ್ದು, ಚಟ್ನಿ, ಮೊಸರು, ಇವರಿಗೆ ಗೊತ್ತಿಲ್ಲ ಎಂಬುದು, ಎಲ್ಲವನ್ನೂ. ಅವರ ಕಡೆ ನೋಡಲಿಲ್ಲ. ಕೈಯಲ್ಲಿದ್ದ ಅಂಗಿಯ ಗುಂಡಿಗಳನ್ನು ನೋಡುತ್ತ ಹೇಳಿದೆ. ಹಿರಿಯ ವೈದ್ಯರು ಒಂದು ಹಾಳೆಯನ್ನು ನನ್ನ ಕಡೆ ಸರಿಸಿದರು. ಇದನ್ನು ಬರೆದು ಸಹಿ ಮಾಡಿ ಕೊಡಿ, ಮೂರು ವರ್ಷದ ಮೇಲೆ ಹೆಂಡತಿಯ ಮಾತಿಗೆ ಎಷ್ಟು ತೂಕ ಸಿಕ್ಕೀತೋ ಹೇಳಲಾರೆ, ಆದರೆ ಕಡತದಲ್ಲಿ ಇರಲಿ ಎಂದರು. ಬರೆದುಕೊಟ್ಟೆ. ಉತ್ತರ ಅಂಚೆಯಲ್ಲಿ ಬರುತ್ತದಂತೆ.

ಬಸ್ಸಿನಲ್ಲಿ ಅವರು ಕಿಟಕಿಯ ಕಡೆ ತಿರುಗಿ ಕೂತರು. ಸ್ವಾರಗೇಟ್ ದಾಟಿದ ಮೇಲೆ ಒಂದೇ ಮಾತು ಬಂತು: "ಅದು ನನ್ನ ಜೋರಿನಿಂದ ಎದ್ದಿತ್ತಂತ ತಿಳಿದಿದ್ದೆ."

"ತಪ್ಪಾತ್ರಿ," ಎಂದೆ.

"ಯಾವುದು? ಹಾಕಿದ್ದೋ, ಹೇಳಿದ್ದೋ?"

ಹಾಕಿ ಅವರ ಹಕ್ಕು ಕಳೆದೆ, ಹೇಳಿ ಅವರ ಹೆಮ್ಮೆ ಕಳೆದೆ. ಹಕ್ಕಾದರೂ ಮರಳಿ ಬಂದೀತೆಂದು ಆಸೆ. ಹೆಮ್ಮೆಗೆ ಮೇಲ್ಮನವಿ ಬರೆದುಕೊಡುವಷ್ಟು ಪಾಟೀಲರಿಗೂ ಬರುವುದಿಲ್ಲ.

ಮನೆ ಮುಟ್ಟಿದಾಗ ಎರಡು ಗಂಟೆ. ಅನ್ನ, ಮೆಂತ್ಯದ ಪಲ್ಯ, ತಿಳಿಸಾರು ಉಂಡೆವು. ಅವರು ಎರಡನೆಯ ಸಲ ಸಾರು ಹಾಕಿಸಿಕೊಳ್ಳಲಿಲ್ಲ. ಆಮೇಲೆ ಎಡಮಗ್ಗುಲಾಗಿ ಮಲಗಿದರು. ನನಗಿಂತ ಮೊದಲು ಅವರೇ ನಿದ್ದೆ ಹೋದರು, ಇಲ್ಲವೇ ಸುಮ್ಮನೆ ಕಣ್ಣು ಮುಚ್ಚಿಕೊಂಡರು. ಇಷ್ಟು ವರ್ಷದ ಸಂಸಾರದಲ್ಲಿ ಇವೆರಡರಲ್ಲಿ ಯಾವುದೆಂದು ನನಗೆ ತಿಳಿಯದೆ ಹೋದದ್ದು ಇವತ್ತೇ ಮೊದಲು.