ನವಿಲಿನ ಮೊಟ್ಟೆ, ಮೂರು ಅರಬಿ ಅಕ್ಷರ

ನಿಮಗೂ ಹೀಗಾಗಿದೆಯಾ ಹೇಳಿ. ಒಂದು ಭಾಷೆ ಓದಲು ಪೂರ್ತಿ ಬರುತ್ತದೆ, ಅರ್ಥ ಮಾತ್ರ ಅರ್ಧ. ಆ ಅರ್ಧದ ಧೈರ್ಯದ ಮೇಲೆ ಮುಂದೆ ನುಗ್ಗಿ, ಸುಮ್ಮನಿದ್ದರೆ ತಾನಾಗಿ ಆಗುತ್ತಿದ್ದ ಕೆಲಸವನ್ನು ಕೈಯಾರೆ ಹಾಳು ಮಾಡಿದ್ದು? ನನಗಾಯಿತು. ಅದೂ ನವಿಲಿನ ಮೊಟ್ಟೆಯ ವಿಷಯದಲ್ಲಿ. ನಗುವವರು ನಗಿ, ನನಗೆ ಇನ್ನೂ ನಗು ಬರುತ್ತಿಲ್ಲ.

ಹೊಸಬರಿಗೆ ಹೇಳಿಬಿಡುತ್ತೇನೆ. ನಾನು ಮಂಗಳೂರು ಕಡೆಯ ಬ್ಯಾರಿ. ತಾಯಿಫ್ ಪಟ್ಟಣದ ಹೊರಗೆ ನನ್ನ ಕಫೀಲನ, ಅಂದರೆ ಯಾರ ಹೆಸರಿನಲ್ಲಿ ನನ್ನ ಇಕಾಮಾ, ಇಲ್ಲಿರುವ ಪರವಾನಗಿ, ಇದೆಯೋ ಆ ಧಣಿಯ, ತೋಟ ನೋಡಿಕೊಳ್ಳುತ್ತಿದ್ದೆ. ತೋಟವೆಂದರೆ ದಾಳಿಂಬೆ, ಅಂಜೂರ, ಜೊತೆಗೆ ಜಾಲರಿ ಹೊಡೆದ ಒಂದು ದೊಡ್ಡ ಗೂಡಿನಲ್ಲಿ ಅವನ ನವಿಲುಗಳು. ನೀಲಿ ನವಿಲುಗಳ ನಡುವೆ ಒಂದು ಬಿಳಿ ಜೋಡಿಯೂ ಇತ್ತು. ನನ್ನ ಹೆಂಡತಿ ತಾಯಿಫ್‌ನ ಆಸ್ಪತ್ರೆಯಲ್ಲಿ ನರ್ಸ್. ಮದುವೆಯಾದ ಮೇಲೆ ವರ್ಷಗಟ್ಟಲೆ ಅವಳೊಂದು ಊರು, ನಾನೊಂದು ಊರು. ಈ ತೋಟದ ಕೆಲಸ ಸಿಕ್ಕಿದ್ದರಿಂದ ಒಂದೇ ಮನೆಯಲ್ಲಿ ಉಣ್ಣುವ ಭಾಗ್ಯ ಬಂದಿತ್ತು.

ಆದರೆ ಎರಡು ವರ್ಷ ಒಂದು ನವಿಲಿನ ಮರಿಯೂ ಆಗಲಿಲ್ಲ. ಮೊದಲ ವರ್ಷ ಎಳೆಯ ಹೆಣ್ಣು ನವಿಲು ಕಾವಿನ ನಡುವೆ ಎದ್ದು ಹೋಯಿತು. ಮರುವರ್ಷ ಮೊಟ್ಟೆಗಳನ್ನು ಕಾವು ಕೊಡುವ ಮೆಷಿನ್‌ನಲ್ಲಿಟ್ಟೆವು. ತಾಯಿಫ್‌ನ ಒಣ ಗಾಳಿಗೆ ಒಳಗಿನ ತೇವ ನಿಲ್ಲದೆ ಮರಿಗಳು ಚಿಪ್ಪಿಗೆ ಅಂಟಿಕೊಂಡು ಸತ್ತವು. ಕಫೀಲ್ ಈ ಸಲ ಖಡಾಖಂಡಿತ ಹೇಳಿದ್ದ: "ಯಾ ಸದೀಕ್, ಗೆಳೆಯಾ, ಈ ವರ್ಷವೂ ಮರಿ ಇಲ್ಲ ಅಂದರೆ ಪಕ್ಷಿ ಖಲಾಸ್. ನೀನು ಮದೀನಾಕ್ಕೆ ಹೋಗು. ಅಲ್ಲಿ ನನ್ನ ಹೋಟೆಲಿಗೆ ಜನ ಬೇಕು."

ಹಾಗಾಗಿ ಮೊಟ್ಟೆಯನ್ನು ಹೇಗೆ ಮರಿ ಮಾಡಿಸುವುದು ಎಂಬುದು ನಮ್ಮ ಮನೆಯಲ್ಲಿ ಊಟಕ್ಕಿಂತ ದೊಡ್ಡ ವಿಷಯವಾಯಿತು.

"ಮೆಷಿನ್ ಬೇಡ," ಎಂದಳು ಹೆಂಡತಿ. "ಹೋದ ಸಲದ್ದು ನಾನು ನೋಡಿದ್ದೇನಲ್ಲ. ಅದು ಪೆಟ್ಟಿಗೆಯಾ, ತಂದೂರಾ?"

"ನೀರಿನ ತಟ್ಟೆ ಎರಡು ಇಟ್ಟರೆ ಸರಿಯಾಗ್ತದೆ."

"ಹೋದ ಸಲವೂ ನೀವು ಇದನ್ನೇ ಹೇಳಿದ್ದು."

ಅಷ್ಟರಲ್ಲಿ ಒಂದು ಹಿರಿಯ ನೀಲಿ ಹೆಣ್ಣು ನವಿಲು ನಮ್ಮ ಜಗಳ ಮುಗಿಯಲು ಕಾಯದೆ ತಾನೇ ತೀರ್ಮಾನ ಮಾಡಿತು. ಗೂಡಿನ ಮೂಲೆಯಲ್ಲಿ ಒಣ ಖರ್ಜೂರದ ಗರಿಗಳ ಮರೆಯಲ್ಲಿ ಆರು ಮೊಟ್ಟೆಯ ಮೇಲೆ ಕೂತುಬಿಟ್ಟಿತು. ನೀರು ಕುಡಿಯಲು ಬಿಟ್ಟರೆ ಬೇರೆ ಯಾವುದಕ್ಕೂ ಏಳುತ್ತಿರಲಿಲ್ಲ. ನಾನು ಹತ್ತಿರ ಹೋದರೆ ಹಾವಿನಂತೆ ಬುಸುಗುಟ್ಟುತ್ತಿತ್ತು. ಇದಕ್ಕಿಂತ ಒಳ್ಳೆಯ ಸುದ್ದಿ ಇಲ್ಲ. ಆದರೂ ಧಣಿಯನ್ನು ಕೇಳದೆ ಬಿಟ್ಟರೆ ನಾಳೆ ನನ್ನ ತಲೆಗೆ ಬರುತ್ತದಲ್ಲ, ಫೋನ್ ಮಾಡಿ ಕೇಳಿದೆ: ಇಲ್ಲೇ ಬಿಡಲೋ, ಮೆಷಿನ್‌ಗೆ ಹಾಕಲೋ? ಅವನು ಜಿದ್ದಾದಲ್ಲಿ ಯಾವುದೋ ಮದುವೆಯಲ್ಲಿದ್ದ. ಆಮೇಲೆ ಹೇಳುತ್ತೇನೆ ಎಂದ. ಆ ಆಮೇಲೆ ಬಂದದ್ದು ಸುಮಾರು ಎರಡು ವಾರದ ನಂತರ, ವಾಟ್ಸಾಪ್‌ನಲ್ಲಿ, ಅರಬಿಯಲ್ಲಿ, ಒಂದೇ ಸಾಲು.

ಇಲ್ಲಿ ನನ್ನ ವಿದ್ಯೆಯ ಬಗ್ಗೆ ಹೇಳಬೇಕು. ಮದ್ರಸದಲ್ಲಿ ಕಲಿತದ್ದರಿಂದ ಅರಬಿ ಅಕ್ಷರ ನನಗೆ ನೀರು ಕುಡಿದಷ್ಟು ಸುಲಭ. ಆದರೆ ಅಲ್ಲಿ ನಮಗೆ ಕಲಿಸಿದ್ದು ಅಕ್ಷರದ ಮೇಲೆ ಕೆಳಗೆ ಸ್ವರದ ಗುರುತು ಹಾಕಿದ ಅರಬಿ. ವಾಟ್ಸಾಪ್‌ನಲ್ಲಿ ಯಾವ ಅರಬನೂ ಗುರುತು ಹಾಕುವುದಿಲ್ಲ. ಅವನು ಬರೆದಿದ್ದ ಪದದಲ್ಲಿ ಇದ್ದದ್ದು ಮೂರೇ ಅಕ್ಷರ: ಬ, ಯ, ದ. ದಿನಾ ಅಂಗಡಿಯಲ್ಲಿ ನಾನು ಕೇಳಿ ತರುವ ಬೇದ್, ಅಂದರೆ ಮೊಟ್ಟೆ. "ಬೇದ್ ಬೇರೆ ಮಾಡು, ಇವತ್ತೇ." ನನ್ನ ಪ್ರಶ್ನೆಗೆ ಉತ್ತರ ಬಂತು. ಮೊಟ್ಟೆ ತೆಗೆದು ಮೆಷಿನ್‌ಗೆ ಹಾಕು ಎನ್ನುತ್ತಿದ್ದಾನೆ. ಇನ್ನೇನು ಯೋಚಿಸುವುದು?

ಗಟ್ಟಿ ಕೈಗವಸು ಹಾಕಿಕೊಂಡು ಹೋದೆ. ಆ ನವಿಲು ನನ್ನ ಮೊಣಕೈ ಕುಕ್ಕಿ ರಕ್ತ ಬರಿಸಿತು. ಆರು ಮೊಟ್ಟೆಯನ್ನೂ ಟವೆಲ್‌ನಲ್ಲಿ ಸುತ್ತಿ ತಂದು ಮೆಷಿನ್‌ನಲ್ಲಿಟ್ಟೆ. ತಾಯಿ ನವಿಲು ಜಾಲರಿಯ ಉದ್ದಕ್ಕೂ ಓಡುತ್ತಾ ಕೂಗುತ್ತಲೇ ಇತ್ತು. ಹೆಂಡತಿ ಡ್ಯೂಟಿ ಮುಗಿಸಿ ಬಂದವಳು ನನ್ನ ಕೈಗೆ ಔಷಧ ಹಚ್ಚುತ್ತಾ, "ಕೂತ ತಾಯಿಯನ್ನು ಎಬ್ಬಿಸಿದ್ರಾ? ಯಾರು ಹೇಳಿದ್ದು?" ಎಂದಳು. ಸಂದೇಶ ಓದಿ ತೋರಿಸಿದೆ. ಅವಳೂ ನನ್ನಂತೆಯೇ ಮದ್ರಸದವಳು. ಅವಳೂ ಬೇದ್ ಎಂದೇ ಓದಿದಳು.

ಎರಡು ದಿನ ಕಳೆಯುವಷ್ಟರಲ್ಲಿ ಮೆಷಿನ್‌ನ ತೇವ ತೋರಿಸುವ ಮುಳ್ಳು ಕೆಳಗೆ ಇಳಿದು ಕೂತಿತು. ಒದ್ದೆ ಸ್ಪಂಜು ಇಟ್ಟೆವು, ತಟ್ಟೆ ಇಟ್ಟೆವು, ಏರುವುದೇ ಇಲ್ಲ. ಕೊನೆಗೆ ಭಟ್ಕಳದ ಸಾಹೇಬರ ಅಂಗಡಿಗೆ ಓಡಿದೆ. ತಾಯಿಫ್‌ನಲ್ಲಿ ಅವರದು ಹಳೆಯ ಬಟ್ಟೆ ಅಂಗಡಿ, ಮನೆಯ ತಾರಸಿಯಲ್ಲಿ ಊರ ಕೋಳಿ ಸಾಕಿದ್ದಾರೆ.

"ಸಾಹೇಬರೆ, ಕಾವಿಗೆ ಕೂತ ಕೋಳಿ ಉಂಟಾ?"

"ಒಂದುಂಟು. ಕೂತು ಸುಮಾರು ದಿನ ಆಯ್ತು ಅದು. ಎಂತಕ್ಕೆ?"

ಕಥೆ ಹೇಳಿ ಸಂದೇಶ ತೋರಿಸಿದೆ. ಅವರು ಕನ್ನಡಕ ಏರಿಸಿ ಓದಿದರು. ನನ್ನ ಮುಖ ನೋಡಿದರು. ಇನ್ನೊಮ್ಮೆ ಓದಿದರು.

"ಮಾರಾಯ, ಇವ ಮೊಟ್ಟೆ ಅಂತ ಎಲ್ಲಿ ಹೇಳಿದ್ದು? ನಿಮ್ಮ ಕಫೀಲ್ ಹತ್ರ ಬಿಳಿ ನವಿಲು ಉಂಟಾ?"

"ಒಂದು ಜೋಡಿ ಉಂಟು."

"ಹಾಗಾದ್ರೆ ಇದು ಬೇದ್ ಅಲ್ಲ, ಬೀದ್. ಬಿಳಿಯವು. ಬಿಳಿ ನವಿಲನ್ನು ಬೇರೆ ಗೂಡಿಗೆ ಹಾಕು ಅಂದದ್ದು ಅವ. ಬರೆಯುವಾಗ ಎರಡೂ ಒಂದೇ. ನೀನು ಅವನಿಗೆ ಆಮ್ಲೆಟ್ ಮಾಡ್ಲಿಕ್ಕೆ ಹೊರಟಿದ್ದೀಯಾ?"

ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ನಕ್ಕರು. ನನಗೆ ಆ ಮೂರು ಅಕ್ಷರವನ್ನು ಹಿಡಿದು ಬಡಿಯುವಷ್ಟು ಸಿಟ್ಟು. ಕನ್ನಡದಲ್ಲಾದರೆ ಏತ್ವಕ್ಕೂ ದೀರ್ಘಕ್ಕೂ ಒಂದೊಂದು ಗುರುತು ಹಾಕಿ ಬರೆಯುತ್ತೇವೆ. ಇವರಿಗೆ ಒಂದು ಗುರುತು ಹಾಕಲು ಏನು ಕಷ್ಟ?

ಕೋಳಿಯನ್ನು ಬುಟ್ಟಿಯಲ್ಲಿ ಹಾಕಿಕೊಂಡು ತೋಟಕ್ಕೆ ಬಂದೆ. ಮೊದಲು ಬಿಳಿ ಜೋಡಿಯನ್ನು ಬೇರೆ ಮಾಡಿದೆ. ಆಮೇಲೆ ಮೊಟ್ಟೆಗಳನ್ನು ನವಿಲಿನ ಹಳೆಯ ಜಾಗದಲ್ಲೇ ಇಟ್ಟು ನೋಡಿದೆ. ಅದು ಬಂದು ನೋಡಿ, ಅಪರಿಚಿತ ಕಲ್ಲು ಕಂಡಂತೆ ಪಕ್ಕಕ್ಕೆ ನಡೆಯಿತು. ಕೋಳಿಯ ಹೊಟ್ಟೆಯಡಿ ನವಿಲಿನ ಮೊಟ್ಟೆ ಹಿಡಿದದ್ದು ಮೂರೇ. ಉಳಿದ ಮೂರು ಮತ್ತೆ ಮೆಷಿನ್‌ಗೆ. ಯಾವ ಮೂರು ಎಲ್ಲಿಗೆ ಎಂದು ಮೊಟ್ಟೆಯ ಹಿಂದೆ ಫೋನಿನ ಬೆಳಕು ಹಿಡಿದು ಒಳಗೆ ನೋಡುತ್ತಾ ನಾವಿಬ್ಬರೂ ಜಗಳವಾಡಿದೆವು. ಒಳಗಿನ ರಕ್ತನಾಳ ಚೆನ್ನಾಗಿ ಕಂಡವು ಕೋಳಿಗೆ ಎಂದು ಅವಳು, ಅಂಥ ಗಟ್ಟಿಯಾದವೇ ಮೆಷಿನ್ ತಡೆದುಕೊಳ್ಳುತ್ತವೆ ಎಂದು ನಾನು. ಅವಳು ಗೆದ್ದಳು.

ಮೆಷಿನ್‌ನ ಮೂರೂ ಒಣಗಿದವು. ಕೋಳಿಯ ಕಡೆ ಇನ್ನೊಂದು ಗ್ರಹಚಾರ. ಕೋಳಿಯ ಕಾವು ಮೂರು ವಾರದ್ದು, ನವಿಲಿನದು ನಾಲ್ಕು. ಸಾಹೇಬರ ಮನೆಯಲ್ಲೇ ಅದು ತನ್ನ ಪಾಲು ಅರ್ಧಕ್ಕಿಂತ ಹೆಚ್ಚು ಕೂತು ಮುಗಿಸಿತ್ತು. ಮೊಟ್ಟೆಯೊಳಗೆ ಕೊಕ್ಕಿನ ಸದ್ದು ಶುರುವಾಗುವ ಹೊತ್ತಿಗೆ ನನ್ನ ಕೆಲಸ ಆಯಿತು ಎಂಬಂತೆ ಎದ್ದು ಮೇಯಲು ಹೋಯಿತು. ಹಿಡಿದು ತಂದು ಕೂರಿಸಿದಷ್ಟೂ ಏಳುತ್ತದೆ. ಹೆಂಡತಿ ರಜೆ ಹಾಕಿ, ಬೆಚ್ಚಗಿನ ಒದ್ದೆ ಬಟ್ಟೆಯಲ್ಲಿ ಮೊಟ್ಟೆ ಹಿಡಿದುಕೊಂಡು ಕೂತಳು. ಒಂದು ಹೊರಬಂತು. ಒಂದು ಚಿಪ್ಪಿನಲ್ಲಿ ತೂತು ಮಾಡಿ ಅಲ್ಲೇ ನಿಂತಿತು. ಇನ್ನೊಂದರಲ್ಲಿ ಸದ್ದೇ ಇಲ್ಲ.

ಶುಕ್ರವಾರ ಕಫೀಲ್ ಬಂದ. ಮರಿಯನ್ನು ಅಂಗೈಯಲ್ಲಿಟ್ಟು ನೋಡಿದ. ಕಂದು ಬಣ್ಣ.

"ಒಂದೇನಾ?"

"ಒಂದು."

ನಡೆದದ್ದನ್ನೆಲ್ಲ ಹೇಳಿದೆ. ಬೇದ್, ಬೀದ್ ಎಂದು ಎರಡನ್ನೂ ಉಚ್ಚರಿಸಿ ತೋರಿಸಿದೆ. ಅವನು ಬಯ್ಯಲಿಲ್ಲ. ಬೈದಿದ್ದರೆ ಎದುರು ಮಾತಾಡಬಹುದಿತ್ತು. ಹೊಟ್ಟೆ ಹಿಡಿದು ನಕ್ಕ, ಆ ಕಥೆಯನ್ನು ತನ್ನ ತಮ್ಮನಿಗೆ ಫೋನ್ ಮಾಡಿ ಹೇಳಿದ, ಅವನೂ ನಕ್ಕ. ಆಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟು, "ಮಾಫಿ ಮುಶ್ಕಿಲ್, ತೊಂದರೆಯಿಲ್ಲ. ಆದರೆ ಒಂದು ಮರಿ ಲೆಕ್ಕಕ್ಕಿಲ್ಲ. ಮದೀನಾ ಒಳ್ಳೆಯ ಊರು," ಎಂದ.

ಈಗ ಮದೀನಾದ ಹೋಟೆಲಿನಲ್ಲಿ ಯಾತ್ರಿಕರ ಸಾಮಾನು ಎತ್ತಿ ಲಿಫ್ಟಿಗೆ ಹಾಕುವ ಕೆಲಸ. ಹೆಂಡತಿ ತಾಯಿಫ್‌ನಲ್ಲಿ. ಗೊಣಗಲೂ ಆಗುವುದಿಲ್ಲ, ಅದೇ ಸಂಕಟ. ಊರಿಗೆ ಫೋನ್ ಮಾಡಿದರೆ ಅಕ್ಕ, "ಮದೀನಾದಲ್ಲಿ ಕೆಲಸ ಅಂದ್ರೆ ಎಂಥ ನಸೀಬು ಮಾರಾಯ, ನಮಗಾಗಿ ದುಆ ಮಾಡು," ಎನ್ನುತ್ತಾಳೆ. ಮಾಡುತ್ತೇನೆ, ಮನಸಾರೆ ಮಾಡುತ್ತೇನೆ. ಆದರೆ ದುಆ ಮುಗಿಸಿ ಕೋಣೆಗೆ ಬಂದರೆ ಒಬ್ಬನೇ ಕೂತು ಖುಬ್ಬೂಸ್ ರೊಟ್ಟಿ ತಿನ್ನಬೇಕು. ಅದನ್ನು ಯಾರಿಗೆ ಹೇಳುವುದು?

ಅದಕ್ಕೇ ನಿಮಗೆ ಹೇಳಿದ್ದು. ಒಣ ಹವೆಯಲ್ಲಿ ಮೆಷಿನ್‌ನಿಂದ ಮರಿ ಎಬ್ಬಿಸಿದವರು ಇದ್ದರೆ ಹೇಗೆ ಅಂತ ಬರೆಯಿರಿ, ತೋಟಕ್ಕೆ ವಾಪಸ್ ಕಳಿಸು, ಇನ್ನೊಂದು ವರ್ಷ ಕೊಡು ಎಂದು ಕಫೀಲನನ್ನು ಕೇಳಿ ನೋಡುತ್ತೇನೆ. ಪರಭಾಷೆಯ ಒಂದು ಪದ ನಂಬಿ ಕೆಟ್ಟವರೂ ಬರೆಯಿರಿ. ಯಾವ ಪದ, ಏನು ತಿಳಿದಿರಿ, ಏನು ಹೋಯಿತು, ಎಲ್ಲ ಬಿಡಿಸಿ ಬರೆಯಿರಿ. ಇಮೋಜಿ ಹಾಕಿ ಹೋಗಬೇಡಿ.