ಮಹದೇವಪ್ರಸಾದರ ಸರ್ವರ್‌ಗೆ ಬಂದುಹೋದ ಸಿಸ್ಟಮ್ಮುಗಳು

ಗೋಕುಲಂನ ಮಹದೇವಪ್ರಸಾದರಿಗೆ ಯೋಗ ಬರುತ್ತಿರಲಿಲ್ಲ. ಯೋಗ ಕಲಿಯಲು ಬಂದ ವಿದೇಶಿಯರಿಗೆ ಮಹಡಿಯ ರೂಮು ಬಾಡಿಗೆ ಕೊಡುವುದು ಮಾತ್ರ ಚೆನ್ನಾಗಿ ಬರುತ್ತಿತ್ತು. ಗುಮಾಸ್ತರಾಗಿದ್ದ ಅವರು, ಆಫೀಸಿಗೆ ಕಂಪ್ಯೂಟರ್ ಬಂದಾಗ ಎಲ್ಲರಿಗಿಂತ ಮೊದಲು ಮೌಸ್ ಹಿಡಿದ ಕಾರಣ ಇಡೀ ಬೀದಿಗೆ ಕಂಪ್ಯೂಟರ್ ಪಂಡಿತರು. ಆ ಬಿರುದು ಕೊಟ್ಟುಕೊಂಡವರೂ ಅವರೇ.

2006ರಲ್ಲಿ ಅವರಿಗೊಂದು ಯೋಚನೆ ಹೊಳೆಯಿತು. ಮನೆಯಲ್ಲಿರುವ ಹಾಡು, ಫೋಟೊ, ವಿಡಿಯೊ ಎಲ್ಲವನ್ನೂ ಹಳೆಯ ಕಂಪ್ಯೂಟರಿಗೆ ತುಂಬಿಸಿ ಟೀವಿಗೆ ಜೋಡಿಸಿದರೆ, ಸೋಫಾದಿಂದ ಏಳದೆ ಬೇಕಾದ್ದು ನೋಡಬಹುದು!

"ಇದಕ್ಕೆ ಮೀಡಿಯಾ ಸರ್ವರ್ ಅಂತಾರೆ" ಎಂದು ಹೆಂಡತಿ ಮಧುಶ್ರೀಗೆ ತಿಳಿಹೇಳಿದರು.

ಬೂಷ್ಟು ಹಿಡಿಯುತ್ತಿದ್ದ ಮದುವೆಯ ಕ್ಯಾಸೆಟ್ಟನ್ನು ಒಂಟಿಕೊಪ್ಪಲಿನ ಸ್ಟುಡಿಯೊದಲ್ಲಿ ಸೀಡಿ ಮಾಡಿಸಿ ಸರ್ವರ್‌ಗೆ ತುಂಬಿದರು. ಇನ್ನು ಈ ಕಸವೆಲ್ಲ ಯಾಕೆಂದು ಕ್ಯಾಸೆಟ್ಟನ್ನೂ ಸೀಡಿಯನ್ನೂ ಹಳೇ ಸಾಮಾನಿನವನಿಗೆ ಕೊಟ್ಟರು. ಕಂಪ್ಯೂಟರನ್ನು ನಡೆಸುವ ಸಿಸ್ಟಮ್ ವಿಂಡೋಸ್ ಆಗಿತ್ತು. ಮದುವೆ ಟೀವಿಯಲ್ಲಿ ಬಂತು. ಧಾರೆ, ಊಟದ ಪಂಕ್ತಿ, ಬೀಗರ ಮುನಿಸು, ಎಲ್ಲವೂ ಸ್ಪಷ್ಟವಾಗಿ ಕಂಡವು.

ಕೆಲಸ ಇಷ್ಟು ಸುಲಭವಾಗಿ ಮುಗಿದರೆ ಪಂಡಿತರ ಮರ್ಯಾದೆ ಏನಾಗಬೇಕು? ಪುಣ್ಯಕ್ಕೆ ಮಹಡಿಯಿಂದ ಇಳಿದು ಬಂದ ಜರ್ಮನಿಯವನು, "ಸರ್ವರ್‌ಗೆ ಯಾರಾದರೂ ವಿಂಡೋಸ್ ಹಾಕುತ್ತಾರೆಯೇ? ಲಿನಕ್ಸ್ ಹಾಕಿ" ಎಂದ. ಜರ್ಮನಿಯವನೇ ಹೇಳಿದ ಮೇಲೆ ಮರುಮಾತುಂಟೆ? ಅವನೇ ಮದುವೆಯನ್ನು ಜೋಪಾನವಾಗಿ ಪಕ್ಕಕ್ಕಿಟ್ಟು ಲಿನಕ್ಸ್ ಹಾಕಿಕೊಟ್ಟ. ಚಿತ್ರ ಬಂತು, ಧ್ವನಿ ಬರಲಿಲ್ಲ. ಓಲಗದವರು ಕೆನ್ನೆ ಉಬ್ಬಿಸಿಕೊಂಡು ಮೌನವಾಗಿ ಊದಿದರು.

"ಸದ್ದಿಲ್ದಿದ್ರೇನು, ಭದ್ರವಾಗಿದೆ ಕಣೆ" ಎಂದರು ಪ್ರಸಾದರು.

ಅವನ ವೀಸಾ ಮುಗಿದು ಫ್ರಾನ್ಸಿನವಳು ಬಂದಳು. ಅವಳ ಪ್ರಕಾರ ಲಿನಕ್ಸ್ ಸರಿ, ಆದರೆ ಆ ಬಗೆಯ ಲಿನಕ್ಸ್ ತಪ್ಪು. ಬದಲಾಯಿತು. ಅವಳು ಹೋಗಿ ಕೆನಡಾದವನು ಬಂದ, ಅದೂ ಬದಲಾಯಿತು. ಬಾಡಿಗೆದಾರರೆಲ್ಲ ಶೀರ್ಷಾಸನ ಕಲಿತು ಹೋದರು. ಸರ್ವರ್ ಮಾತ್ರ ಒಂದು ದಿನವೂ ನೆಟ್ಟಗೆ ನಿಲ್ಲಲಿಲ್ಲ.

ಕೊನೆಗೆ ಪ್ರಸಾದರು ಯಾರ ಸಹಾಯವೂ ಇಲ್ಲದೆ ಇನ್ನೊಂದು ಸಿಸ್ಟಮ್ ಹಾಕಲು ಕೂತರು. "ಇಡೀ ಡಿಸ್ಕ್ ಬಳಸಲೇ?" ಎಂದು ಅದು ವಿನಯದಿಂದ ಕೇಳಿತು. ಪ್ರಸಾದರು ಉದಾರಿಗಳು. ಹೂಂ ಎಂದುಬಿಟ್ಟರು.

ಮದುವೆಯ ವಾರ್ಷಿಕೋತ್ಸವಕ್ಕೆ ಮಧುಶ್ರೀ ಕುಂಬಾರಕೊಪ್ಪಲಿನಿಂದ ತಾಯಿ ಸಿದ್ದಲಿಂಗಮ್ಮನನ್ನು ಕರೆಸಿದ್ದಳು. ಒಬ್ಬಟ್ಟು ಮಾಡಿ, ಟೀವಿ ಹಾಕಿದಳು.

"ರೀ, ಮದುವೆ ಎಲ್ಲಿ?"

"ಹೊಸ ಸಿಸ್ಟಮ್ ನೋಡು, ಎಷ್ಟು ಬೇಗ ಶುರುವಾಯ್ತು!"

"ಮದುವೆ ಎಲ್ಲಿ ಅಂದೆ."

"ಅದು... ಫಾರ್ಮ್ಯಾಟ್ ಮಾಡುವಾಗ ಹೋಗಿದೆ."

"ಅಳಿಸೇ ಬುಟ್ರಾ? ಮದುವೇನೇ ಇಲ್ಲ ಅಂದ್ಮೇಲೆ ಯಾವ ಸಂಬಂಧ ಅಂತ ನಿಮಗೆ ಒಬ್ಬಟ್ಟು ಬಡಿಸ್ಲಿ?"

ನಗು ಬರಿಸುವ ಮಾತೇ. ಆದರೆ ಅವಳ ಕಣ್ಣು ತುಂಬಿತ್ತು. ಮದುವೆಯಲ್ಲಿ ಓಡಾಡುತ್ತಿದ್ದ ಅವಳ ಅಪ್ಪ ಈಗಿರಲಿಲ್ಲ. ಪಂಡಿತರು ಸೋಫಾದಿಂದ ಎದ್ದು ಹೋಗಿ ಟೀವಿ ಆರಿಸಿದರು.

ಸಿದ್ದಲಿಂಗಮ್ಮನೇ ಬಾಯಿಬಿಟ್ಟರು: "ಅಳ್ಬೇಡ ಕಣಮ್ಮ, ನನ್ನತ್ರ ಇನ್ನೊಂದು ಕ್ಯಾಸೆಟ್ ಅದೆ. ನಿಮ್ಮಪ್ಪ ಆಗ್ಲೇ ಎರಡು ಮಾಡ್ಸಿದ್ರು."

ಭಾನುವಾರ ಎಲ್ಲರೂ ಕುಂಬಾರಕೊಪ್ಪಲಿಗೆ ಹೋದರು. ಸಿದ್ದಲಿಂಗಮ್ಮ ಹಳೆಯ ವೀಸಿಆರ್ ಮೇಲಿನ ಬಟ್ಟೆ ಸರಿಸಿ ಗುಂಡಿ ಒತ್ತಿದರು. ಚಿತ್ರ ಬಂತು, ಓಲಗವೂ ಕೇಳಿಸಿತು. ಅಪ್ಪ ಬೀಗರಿಗೆ ಎಲೆಯಡಿಕೆ ಕೊಡುವಾಗ ಮಧುಶ್ರೀ ಟೀವಿಯ ಹತ್ತಿರಕ್ಕೇ ಸರಿದು ಕೂತಳು.

ಮುಗಿದ ಕೂಡಲೇ ಪ್ರಸಾದರ ಪಾಂಡಿತ್ಯಕ್ಕೆ ಮತ್ತೆ ಜೀವ ಬಂತು. "ಅತ್ತೆ, ಕ್ಯಾಸೆಟ್ ಕೊಡಿ, ಸರ್ವರಲ್ಲಿ ಭದ್ರವಾಗಿಡ್ತೀನಿ."

ಸಿದ್ದಲಿಂಗಮ್ಮ ಕ್ಯಾಸೆಟ್ಟನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. "ನೋಡ್ಬೇಕು ಅನ್ಸಿದಾಗ ಇಲ್ಲಿಗೇ ಬನ್ನಿ ಅಳಿಯಂದ್ರೇ. ಕಾಫಿನೂ ಆಯ್ತದೆ."

ಆಮೇಲೆ ಸರ್ವರ್‌ಗೆ ವಿಂಡೋಸೇ ಮರಳಿ ಬಂತು. ಪ್ರಸಾದರು ಅದಕ್ಕೆ ಆಫೀಸಿನ ಪಿಕ್ನಿಕ್ಕಿನ ಫೋಟೊಗಳನ್ನು ತುಂಬಿದರು. ಅವನ್ನು ನೋಡಲು ಮನೆಯಲ್ಲಿ ಯಾರೂ ಅವಸರಪಡಲಿಲ್ಲ.