ಇಂಜೆಕ್ಟರ್ ಸುಟ್ಟ ಭಾನುವಾರ

ಇಳಕಲ್ಲಿನಲ್ಲಿ ಆಗ ನಾನು ನೆಟ್ ಸೆಂಟರ್ ಇಟ್ಟಿದ್ದೆ. ಮಾಳಿಗೆಯ ಮೇಲಿನ ಆಂಟೆನಾಕ್ಕೆ ನೆಟ್ಟಿನ ತಂತಿಯಲ್ಲೇ ಕರೆಂಟನ್ನೂ ಕಳಿಸುವ ಕರಿ ಡಬ್ಬಿಯೊಂದು ಮೇಜಿನ ಕೆಳಗಿರುತ್ತಿತ್ತು. ಅದರ ಹೆಸರು ಇಂಜೆಕ್ಟರ್. ಅಂಗೈಯಗಲದ ಆ ದರಿದ್ರ ಡಬ್ಬಿ ನನ್ನನ್ನು ಅಳಿಸಿದಷ್ಟು ಯಾರೂ ಅಳಿಸಿಲ್ಲ.

ನಮ್ಮ ಓಣಿಯಲ್ಲಿ ಕರೆಂಟು ಹೋದರೆ ಪವರ್‌ಲೂಮಿನವರು ಸ್ವಿಚ್ ಆರಿಸುತ್ತಿರಲಿಲ್ಲ. ಬಂದ ಕೂಡಲೇ ಮಗ್ಗ ತಾನೇ ಶುರುವಾಗಲಿ ಎಂದು ಬಿಟ್ಟಿರುತ್ತಿದ್ದರು. ಕರೆಂಟು ಬಂದಾಗ ಮಗ್ಗಗಳೆಲ್ಲ ಒಮ್ಮೆಲೇ ಅದನ್ನು ಎಳೆದು ದೀಪ ಕುಗ್ಗಿ, ಮರುಕ್ಷಣ ವೋಲ್ಟೇಜು ಭಗ್ಗನೆ ಏರುತ್ತಿತ್ತು. ಆ ಏಟಿಗೆ ಇಂಜೆಕ್ಟರ್ ಸುಡುತ್ತಿತ್ತು. ಹಗುರದ್ದು ಬಿಟ್ಟು ಭಾರದ್ದು ತಂದೆ, ಯುಪಿಎಸ್‌ಗೆ ಜೋಡಿಸಿದೆ. ಅರ್ಥಿಂಗ್ ಗುಂಡಿ ತೋಡಿಸಲು ಹೋದರೆ ಮೊಣಕಾಲುದ್ದಕ್ಕೇ ಕೆಂಪುಗಲ್ಲು! ಊರಿಗೆ ಹೆಸರು ತಂದ ಕಲ್ಲಿಗೆ ಬಾಯಿತುಂಬ ಬೈದೆ.

ಈ ಒದ್ದಾಟವೆಲ್ಲ ಗಿರಾಕಿಗಳಿಗಾಗಿ ಅಲ್ಲ. ನನ್ನ ತಂಗಿಗೆ ಹುಟ್ಟಿನಿಂದ ಕಿವಿ ಕೇಳದು, ಮಾತು ಬಾರದು. ಸಾಲಿಯ ಮುಖವನ್ನೂ ಕಂಡವಳಲ್ಲ, ಓದು ಬರಹ ಬಾರದು. ಅವಳ ಕೈಭಾಷೆ ನಮ್ಮ ಮನೆಯಲ್ಲೇ ಹುಟ್ಟಿದ್ದು. ಅವ್ವ ಮತ್ತು ನನ್ನನ್ನು ಬಿಟ್ಟರೆ ಪೂರ್ತಿ ಯಾರಿಗೂ ತಿಳಿಯದು. ಅವಳನ್ನು ಸೊಲ್ಲಾಪುರಕ್ಕೆ ಕೊಟ್ಟಿದ್ದೆವು. ಗಂಡ ಒಳ್ಳೆಯವನೇ, ಆದರೆ ಲಾರಿ ಹತ್ತಿದರೆ ವಾರಗಟ್ಟಲೆ ಮನೆಗೆ ಬಾರದವನು. ಭಾನುವಾರ ಅಲ್ಲಿಯ ನೆಟ್ ಸೆಂಟರಿನಲ್ಲಿ ಅವಳು, ನನ್ನಲ್ಲಿ ಅವ್ವ, ಕ್ಯಾಮೆರಾದ ಮುಂದೆ ಕೂತು ಕೈಯಲ್ಲೇ ಮಾತಾಡುತ್ತಿದ್ದರು.

ಅವಳಿಗೆ ಏಳನೇ ತಿಂಗಳು ನಡೆದಿತ್ತು. ಮುಂದಿನ ವಾರ ಹೆರಿಗೆಗೆ ಕರೆತರುವವರಿದ್ದೆವು. ಆ ಭಾನುವಾರ ಅವಳು ಹೊಟ್ಟೆ ಮುಟ್ಟಿಕೊಂಡು ಇನ್ನೊಂದು ಕೈ ಎತ್ತಿದಳು. ಅಷ್ಟರಲ್ಲಿ ಕರೆಂಟು ಹೋಗಿ ಬಂತು. ಹೋದದ್ದನ್ನು ಯುಪಿಎಸ್ ತಡೆಯಿತು, ಬಂದದ್ದನ್ನು ಇಂಜೆಕ್ಟರ್ ತಡೆಯಲಿಲ್ಲ. ಸುಟ್ಟ ವಾಸನೆ ಬಂತು. ಎತ್ತಿದ ಕೈ ಪರದೆಯ ಮೇಲೆ ಹಾಗೇ ನಿಂತುಬಿಟ್ಟಿತು.

"ಏನೋ ಹೇಳಾಕತ್ತಿದ್ದಳಲೋ, ಮೊದಲ ಫೋನ್ ಹಚ್ಚು" ಎಂದಳು ಅವ್ವ. ಫೋನಿನಲ್ಲಿ ತಂಗಿಯ ಅತ್ತೆ, "ಚೊಲೋ ಅದಾಳ್ರಿ, ಈಗ ಬಂದು ಉಂಡಾಳ" ಎಂದರು. ಅವ್ವನಿಗೆ ಸಮಾಧಾನವಾಗಲಿಲ್ಲ, ನನಗೂ ಆಗಲಿಲ್ಲ.

ಸೋಮವಾರ ಬೆಳಗಿನ ಬಸ್ಸಿಗೇ ಬಾಗಲಕೋಟೆಗೆ ಹೋದೆ. ಅಂಗಡಿಯವನು, "ನಲವತ್ತೆಂಟ್ ವೋಲ್ಟಿಂದ್ ಒಯ್ರಿ, ಭಾಳ ಗಟ್ಟಿ ಇರ್ತದ" ಎಂದ.

"ನನ್ನ ಆಂಟೆನಾಕ್ಕ ಬೇಕಾಗಿದ್ದು ಇಪ್ಪತ್ನಾಕು. ಅದನ್ನೂ ಸುಡಂತೀರೇನ್ರಿ?" ಎಂದು ರೇಗಿದೆ. ಇದ್ದವುಗಳಲ್ಲಿ ಭಾರವಾದದ್ದನ್ನು ಆರಿಸಿ ಅಲ್ಲೇ ಹಚ್ಚಿಸಿದೆ. ಬಿಸಿಯಾಗುತ್ತದೆಯೇ ಎಂದು ಅಂಗೈ ಇಟ್ಟು ಕೂತೆ. ದೇವರೇ, ಇದೊಂದು ತಡೆದರೆ ಸಾಕು ಎಂದು ಅಂಗಡಿಯಲ್ಲೇ ಬೇಡಿಕೊಂಡೆ.

ಅದು ತಡೆಯಿತು. ಅತ್ತೆಗೆ ಫೋನಿನಲ್ಲಿ ಹೇಳಿ ಕರೆಸಿದ್ದಕ್ಕೆ ಸಂಜೆ ತಂಗಿ ಮತ್ತೆ ಪರದೆಯ ಮೇಲೆ ಬಂದಳು. ಹೊಟ್ಟೆ ಮುಟ್ಟಿ, ಅಂಗೈಯನ್ನು ಬೋರಲಾಗಿ, ಅಲುಗದಂತೆ ಹಿಡಿದಳು. ಕೂಸು ಮಿಸುಕುತ್ತಿಲ್ಲ ಎನ್ನುತ್ತಿದ್ದಳು. ಅವ್ವ ಕುರ್ಚಿ ಕೆಡವಿ ಎದ್ದಳು. ನಾನು ಅತ್ತೆಗೆ ಫೋನ್ ಮಾಡಿ, ಇದ್ದಂತೆ ದವಾಖಾನೆಗೆ ಒಯ್ಯಿರಿ ಎಂದು ಕೂಗಿದೆ. ಸಿಕ್ಕ ಬಸ್ಸು ಹಿಡಿದು ಹೊರಟೆವು. ನಾವು ಮುಟ್ಟುವ ಹೊತ್ತಿಗೆ ಉಸಿರಿಲ್ಲದ ಕೂಸನ್ನು ಹೊರತೆಗೆದಿದ್ದರು.

ಹಾಸಿಗೆಯಲ್ಲಿದ್ದ ತಂಗಿ ಅವ್ವನ ಕಡೆ ನೋಡಲಿಲ್ಲ. ನನ್ನ ಕಡೆ ತಿರುಗಿ ಕೈಯಾಡಿಸಿದಳು: ಭಾನುವಾರವೇ ಹೇಳಿದೆ, ಮತ್ತೆ ಮತ್ತೆ ಹೇಳಿದೆ, ಅವ್ವ ನನ್ನನ್ನು ನೋಡುತ್ತ ನಗುತ್ತಲೇ ಕೂತಿದ್ದಳು.

ಆ ಭಾನುವಾರ ಅವಳ ಕಡೆಯ ಪರದೆಯಲ್ಲೂ ಅವ್ವನ ನಗುವ ಚಿತ್ರ ಹಾಗೇ ನಿಂತುಹೋಗಿತ್ತು. ಇಂಜೆಕ್ಟರ್ ಸುಟ್ಟಿತ್ತೆಂದು ಹೇಳಲು ನಮ್ಮ ಕೈಭಾಷೆಯಲ್ಲಿ ಗುರುತೇ ಇರಲಿಲ್ಲ.